ಬೋರ್ ನೀರಿನ ಮನೆಗೆ ಯಾವ ಕ್ಲೀನರ್? ನಿಂಬೆ ಉಪ್ಪು, ಅಂಟುವಾಳ ಮತ್ತು ಮಂಕಾದ ಕಡಪ ಕಲ್ಲು

ಪ್ರಶ್ನೆ: ಮೇಡಂ, ನಮಸ್ಕಾರ. ನಾವು ವರ್ತೂರು ಕಡೆ ಬಾಡಿಗೆ ಮನೆಯಲ್ಲಿದ್ದೇವೆ. ಬೋರ್ ನೀರು, ಬೇಸಿಗೆಯಲ್ಲಿ ಟ್ಯಾಂಕರ್. ನಲ್ಲಿ, ಶವರ್, ಬಕೆಟ್ ಎಲ್ಲದರ ಮೇಲೂ ಬಿಳಿ ಉಪ್ಪು ಕಟ್ಟುತ್ತದೆ. ನಾಲ್ಕು ವರ್ಷದ ಮಗಳಿದ್ದಾಳೆ. ಕೆಮಿಕಲ್ ಕಮ್ಮಿ ಮಾಡೋಣ ಅಂತ ಒಂದು ವಿಡಿಯೋ ನೋಡಿ ವಿನೆಗರ್, ಅಡುಗೆ ಸೋಡಾ, ಪಾತ್ರೆ ತೊಳೆಯುವ ಲಿಕ್ವಿಡ್ ಮೂರನ್ನೂ ಬೆರೆಸಿ ಬಾಟಲಿಯಲ್ಲಿಟ್ಟೆ. ಉಪ್ಪಿನ ಕಲೆ ಹೋಗಲೇ ಇಲ್ಲ. ಒಂದು ದಿನ ಬರೀ ವಿನೆಗರ್ ಹಾಕಿ ಒರೆಸಿದೆ, ಅಡುಗೆಮನೆಯ ಕಡಪ ಕಲ್ಲಿನ ಮೇಲೆ ಬಿಳಿ ಮಚ್ಚೆ ಬಂತು. ಅಂಟುವಾಳ ಕುದಿಸಿಟ್ಟರೆ ನಾಲ್ಕೇ ದಿನಕ್ಕೆ ವಾಸನೆ. ಮೇಳದಲ್ಲಿ ಕೊಂಡ, ಕೈಯಲ್ಲಿ ಮಾಡಿದ ಸೋಪು ತಲೆಗೆ ಹಾಕಿದರೆ ಕೂದಲು ಅಂಟಂಟಾಗುತ್ತದೆ. ನನ್ನಿಂದ ಏನು ತಪ್ಪಾಗುತ್ತಿದೆ? ಸೋಪು, ಹಣ್ಣಿನ ಸಿಪ್ಪೆ ಬೆಲ್ಲ ಹುದುಗಿಸಿ ಮಾಡುವ ಬಯೋ ಎಂಜೈಮ್ ಮನೆಯಲ್ಲೇ ಮಾಡಬಹುದಾ? ಬಾತ್‌ರೂಮಿಗೆ ಬ್ಲೀಚಿಂಗ್ ಪೌಡರ್ ಹಾಕಿ, ಅದರ ಮೇಲೆ ವಿನೆಗರ್ ಸುರಿದರೆ ಇನ್ನೂ ಚೆನ್ನಾಗಿ ಕ್ಲೀನ್ ಆಗುತ್ತದಾ?

ಉತ್ತರ: ನಿಮ್ಮ ಕೊನೆಯ ಸಾಲಿಗೆ ಮೊದಲು ಉತ್ತರ ಕೊಡುತ್ತೇನೆ. ಅದನ್ನು ಮಾಡಬೇಡಿ. ಬ್ಲೀಚಿಂಗ್ ಪೌಡರ್ ಮೇಲೆ ವಿನೆಗರ್ ಆಗಲಿ, ನಿಂಬೆಹಣ್ಣಾಗಲಿ, ಟಾಯ್ಲೆಟ್ ತೊಳೆಯುವ ಆಸಿಡ್ ಆಗಲಿ, ಯಾವ ಹುಳಿ ಬಿದ್ದರೂ ಕ್ಲೋರಿನ್ ಗಾಳಿ ಏಳುತ್ತದೆ. ಕಣ್ಣು ಉರಿ, ಕೆಮ್ಮು, ಎದೆ ಹಿಡಿದ ಹಾಗಾಗುವುದು, ಎಲ್ಲ ನಿಮಿಷದೊಳಗೆ ಶುರುವಾಗುತ್ತವೆ. ನಮ್ಮ ಬಾತ್‌ರೂಮುಗಳು ಎಷ್ಟು ಚಿಕ್ಕವು, ಕಿಟಕಿ ಎಷ್ಟು ಸಣ್ಣದು ನಿಮಗೇ ಗೊತ್ತಲ್ವಾ. ಬಾಟಲಿಯಲ್ಲಿ ಬರುವ ಬ್ಲೀಚಿಗೂ ಇದೇ ಮಾತು. ಅಮೋನಿಯಾ ಇರುವ ಗಾಜಿನ ಕ್ಲೀನರನ್ನೂ ಬ್ಲೀಚಿನ ಜೊತೆ ಸೇರಿಸಬಾರದು, ಅಲ್ಲೂ ವಿಷಗಾಳಿ ಬರುತ್ತದೆ. ಬಯೋ ಎಂಜೈಮ್ ಕೂಡ ಹುಳಿಯೇ, ಅದೂ ಬೇಡ. ಒಂದು ವೇಳೆ ಬೆರೆತೇ ಹೋದರೆ ತೊಳೆಯೋಕೆ ನಿಲ್ಲಬೇಡಿ. ಹೊರಗೆ ಬನ್ನಿ, ಬಾಗಿಲು ಕಿಟಕಿ ತೆಗೆಯಿರಿ, ಗಾಳಿ ಪೂರ್ತಿ ಹೋಗುವವರೆಗೆ ಮಗು ಆ ಕಡೆ ಸುಳಿಯದಂತೆ ನೋಡಿಕೊಳ್ಳಿ. ಉಸಿರಾಟಕ್ಕೆ ತೊಂದರೆ ಅನ್ನಿಸಿದರೆ 108ಕ್ಕೆ ಕರೆ ಮಾಡಿ.

ಇನ್ನು ನಿಮ್ಮಿಂದಾದ ತಪ್ಪು. ನಾನು ಮೂವತ್ತು ವರ್ಷ ಕೆಮಿಸ್ಟ್ರಿ ಪಾಠ ಮಾಡಿದವಳು. ಈಗ ಹನುಮಂತನಗರದ ನಮ್ಮ ಮನೆಗೆ ಬರುವ ಹೆಣ್ಣುಮಕ್ಕಳಿಗೆ ಇಂಥದ್ದೇ ವಿಷಯ ಹೇಳಿಕೊಡುತ್ತೇನೆ. ಹತ್ತರಲ್ಲಿ ಎಂಟು ಜನ ನಿಮ್ಮ ಹಾಗೇ ಬರುತ್ತಾರೆ, ಮಾಡಿದ್ದು ಸರಿ ಬರಲಿಲ್ಲ ಅಂತ ಬೇಜಾರು ಮಾಡಿಕೊಂಡು. ಅವರ ಕೈಯಲ್ಲಿ ದೋಷ ಇರುವುದಿಲ್ಲ. ವಿಡಿಯೋ ಮಾಡಿದವರ ಮನೆಯ ನೀರು ಬೇರೆ, ಇವರ ಮನೆಯ ನೀರು ಬೇರೆ, ಅಷ್ಟೇ. ನಿಮ್ಮ ನಲ್ಲಿ, ನಿಮ್ಮ ಕಡಪ ಕಲ್ಲು, ನಿಮ್ಮ ಕೂದಲು, ಮೂರರ ಗೋಳೂ ಒಂದೇ ಕಡೆಯಿಂದ ಬಂದದ್ದು. ಅದಕ್ಕೆ ನೀರಿನಿಂದಲೇ ಶುರು ಮಾಡೋಣ.

ಬೆಂಗಳೂರಿನಲ್ಲಿ ಎರಡು ಥರದ ಮನೆಗಳಿವೆ. ಒಂದು ಕಾವೇರಿ ನೀರಿನ ಮನೆ. ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಪಂಪ್ ಆಗಿ ಬರುವ ಈ ನೀರು ಹೊಳೆಯ ನೀರು. ಅದರಲ್ಲಿ ಸುಣ್ಣದ ಅಂಶ ಕಮ್ಮಿ. ಇನ್ನೊಂದು ಬೋರ್ ನೀರಿನ ಮನೆ. ನೂರಾರು ಅಡಿ ಆಳದ ಕಲ್ಲಿನ ಸಂದಿಗಳಲ್ಲಿ ವರ್ಷಗಟ್ಟಲೆ ನಿಂತ ನೀರು ಕಲ್ಲಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿಸಿಕೊಂಡೇ ಮೇಲೆ ಬರುತ್ತದೆ. ಇದೇ ಗಡಸು ನೀರು. ನಾವು ಮಾತಿನಲ್ಲಿ ಉಪ್ಪು ನೀರು ಅನ್ನುತ್ತೇವೆ, ಆದರೆ ಅದರಲ್ಲಿರುವುದು ಅಡುಗೆ ಉಪ್ಪಲ್ಲ. ಕುಡಿಯುವ ನೀರಿಗೆ ಭಾರತದ ಮಾನದಂಡ ಗಡಸುತನವನ್ನು ಲೀಟರಿಗೆ 200 ಮಿಲಿಗ್ರಾಂಗೆ ಇಡಬೇಕು ಅನ್ನುತ್ತದೆ. ಬೇರೆ ದಾರಿ ಇಲ್ಲದಿದ್ದರೆ 600ರವರೆಗೆ ಒಪ್ಪುತ್ತದೆ. ಕಾವೇರಿ ಐದನೇ ಹಂತ 2024ರ ಅಕ್ಟೋಬರಿನಲ್ಲಿ ಶುರುವಾಯಿತು. ನಗರದ ಸುತ್ತಲಿನ 110 ಹಳ್ಳಿಗಳಿಗೆ ದಿನಕ್ಕೆ 775 ದಶಲಕ್ಷ ಲೀಟರ್ ಕೊಡುವ ಯೋಜನೆ ಅದು. ನಿಮ್ಮ ಬೀದಿಗೆ ಆ ಪೈಪು ಬಂದಿದೆಯಾ, ಮನೆ ಮಾಲೀಕರು ಕನೆಕ್ಷನ್ ತೆಗೆದುಕೊಂಡಿದ್ದಾರಾ ಒಮ್ಮೆ ಕೇಳಿ ನೋಡಿ. ಕನೆಕ್ಷನ್ ಸಿಕ್ಕಿತು ಅಂದರೆ ಇಲ್ಲಿ ಬರೆಯುವ ಅರ್ಧ ಕೆಲಸ ನಿಮಗೆ ಬೇಕಾಗುವುದೇ ಇಲ್ಲ.

ನೀರು ಗಡಸು ಹೌದೋ ಅಲ್ಲವೋ ಅಂತ ನೋಡಲು ಲ್ಯಾಬ್ ಬೇಡ. ತೊಗರಿಬೇಳೆ ಎಷ್ಟು ವಿಷಲ್ ಹೊಡೆದರೂ ಕಾಳು ಕಾಳಾಗಿಯೇ ಉಳಿಯುತ್ತದಾ? ಗಡಸು ನೀರಿನ ಮೊದಲ ಗುರುತು ಅದು. ಇನ್ನೊಂದು ಪರೀಕ್ಷೆ ಇದೆ. ಎರಡು ಸಣ್ಣ ಬಾಟಲಿ ತೆಗೆದುಕೊಳ್ಳಿ. ಒಂದಕ್ಕೆ ನಲ್ಲಿ ನೀರು, ಒಂದಕ್ಕೆ ಆರ್‌ಒ ಫಿಲ್ಟರ್ ನೀರು ಅಥವಾ ಮಳೆನೀರು. ಎರಡಕ್ಕೂ ಕಡಲೆಕಾಳಿನಷ್ಟು ಸೋಪಿನ ಚೂರು ಹಾಕಿ ಚೆನ್ನಾಗಿ ಅಲ್ಲಾಡಿಸಿ. ಮಳೆನೀರಲ್ಲಿ ನೊರೆ ಎದ್ದು ನಿಲ್ಲುತ್ತದೆ. ಗಡಸು ನೀರಲ್ಲಿ ನೊರೆ ಬರುವುದೇ ಇಲ್ಲ, ಮಜ್ಜಿಗೆಯ ಹಾಗೆ ಬೆಳ್ಳಗಾಗಿ ಮೇಲೆ ಕೆನೆ ಥರ ಮಡ್ಡಿ ತೇಲುತ್ತದೆ. ಆ ಮಡ್ಡಿಯನ್ನು ನೆನಪಿಟ್ಟುಕೊಳ್ಳಿ, ನಿಮ್ಮ ಕೂದಲಿನ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಈಗ ನಲ್ಲಿಯ ಬಿಳಿ ಕಲೆ. ಗಡಸು ನೀರು ಕಾದಾಗ ಅಥವಾ ಆರಿದಾಗ ಅದರಲ್ಲಿ ಕರಗಿದ್ದ ಕ್ಯಾಲ್ಸಿಯಂ ಹೊರಗೆ ಬಂದು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಕೂರುತ್ತದೆ. ಗೀಸರ್ ಕಾಯಿಲಿನ ಮೇಲೆ ಕಟ್ಟುವುದೂ ಅದೇ. ಸುಣ್ಣದ ಕಲ್ಲು ಅಂದರೂ ಅದೇ. ಮತ್ತೆ ಕಡಪ ಕಲ್ಲು? ಅದೂ ಸುಣ್ಣದ ಕಲ್ಲಿನ ಜಾತಿಯೇ! ನಿಮ್ಮ ನಲ್ಲಿಯ ಮೇಲಿನ ಕಲೆ ಮತ್ತು ನಿಮ್ಮ ಅಡುಗೆಮನೆಯ ಕಟ್ಟೆ ಮುಖ್ಯವಾಗಿ ಒಂದೇ ವಸ್ತು. ಒಂದನ್ನು ಕರಗಿಸುವ ಹುಳಿ ಇನ್ನೊಂದನ್ನೂ ತಿನ್ನುತ್ತದೆ. ಇದೊಂದು ತಿಳಿದರೆ ಯಾವುದನ್ನು ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು ಅಂತ ನೀವೇ ಹೇಳಬಲ್ಲಿರಿ.

ವಿಡಿಯೋದ ಮಿಶ್ರಣ ಯಾಕೆ ಸೋತಿತು ಅಂತಲೂ ಇದರಲ್ಲೇ ಗೊತ್ತಾಗುತ್ತದೆ. ಸುಣ್ಣ ಕರಗಿಸಲು ಹುಳಿ ಬೇಕು. ವಿನೆಗರ್ ಹುಳಿ. ಅಡುಗೆ ಸೋಡಾ ಅದರ ವಿರುದ್ಧ ಗುಣದ್ದು. ಎರಡನ್ನೂ ಸೇರಿಸಿದರೆ ಬುಸ್ ಅಂತ ನೊರೆ ಬರುತ್ತದೆ, ನೋಡೋಕೆ ಏನೋ ಭಾರಿ ಕೆಲಸ ಆಗುತ್ತಿರುವ ಹಾಗೆ ಕಾಣುತ್ತದೆ. ಅಲ್ಲಿ ಆಗುತ್ತಿರುವುದು ಎರಡೂ ಒಂದನ್ನೊಂದು ಮುಗಿಸುವ ಕೆಲಸ. ಅಂಗಡಿಯ ಬಿಳಿ ವಿನೆಗರಿನಲ್ಲಿ ಸಾಮಾನ್ಯವಾಗಿ ಶೇಕಡಾ 4ರಷ್ಟು ಹುಳಿ ಇರುತ್ತದೆ. ಅಂದರೆ 100 ಮಿಲಿಗೆ ಸುಮಾರು 4 ಗ್ರಾಂ. ಅದನ್ನು ಪೂರ್ತಿ ಮುಗಿಸಲು 5.6 ಗ್ರಾಂ ಅಡುಗೆ ಸೋಡಾ ಸಾಕು, ಒಂದು ಟೀ ಚಮಚಕ್ಕೆ ಸ್ವಲ್ಪ ಜಾಸ್ತಿ. ಎರಡು ಚಮಚ ಹಾಕಿದರಂತೂ ಬಾಟಲಿಯಲ್ಲಿ ಹುಳಿಯೇ ಉಳಿಯುವುದಿಲ್ಲ. ಉಳಿಯುವುದು ನೀರು, ಸೋಡಿಯಂ ಅಸಿಟೇಟ್ ಅನ್ನುವ ಒಂದು ಸಪ್ಪೆ ಲವಣ, ಮತ್ತೆ ನೀವು ಹಾಕಿದ ಪಾತ್ರೆ ಲಿಕ್ವಿಡ್. ಜಿಡ್ಡು ಏನಾದರೂ ಹೋಗಿದ್ದರೆ ಅದು ಆ ಲಿಕ್ವಿಡ್ಡಿನಿಂದಲೇ. ಮುಚ್ಚಳ ಬಿಗಿಯಾಗಿ ಹಾಕಿದ್ದರೆ ಒಳಗಿನ ಗಾಳಿಗೆ ಬಾಟಲಿ ಸಿಡಿಯುವ ಭಯ ಬೇರೆ. ಆ ಬಾಟಲಿಯನ್ನು ನಿಧಾನವಾಗಿ ತೆಗೆದು ಚರಂಡಿಗೆ ಸುರಿದುಬಿಡಿ.

ನಲ್ಲಿಗೆ ನಾನು ಹೇಳುವುದು ನಿಂಬೆ ಉಪ್ಪು. ದಿನಸಿ ಅಂಗಡಿಯಲ್ಲಿ ಸಕ್ಕರೆಯ ಹಾಗೆ ಕಾಣುವ ಹರಳು, ಸಿಟ್ರಿಕ್ ಆಸಿಡ್. ವಿನೆಗರಿನ ಘಾಟು ಇಲ್ಲ, ಡಬ್ಬದಲ್ಲಿ ಒಣಗಿದ್ದರೆ ಕೆಡುವುದಿಲ್ಲ. ಒಂದು ಲೀಟರ್ ಬಿಸಿನೀರಿಗೆ ಎರಡು ದೊಡ್ಡ ಚಮಚ, ಹೆಚ್ಚುಕಮ್ಮಿ 25–30 ಗ್ರಾಂ, ಕರಗಿಸಿ. ಹಳೇ ಬನಿಯನ್ ತುಂಡು ಅದರಲ್ಲಿ ನೆನೆಸಿ ನಲ್ಲಿಗೆ ಸುತ್ತಿ, ಇಪ್ಪತ್ತು ನಿಮಿಷ ಬಿಡಿ. ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ ನೀರು ಹಾಕಿ, ಒಣ ಬಟ್ಟೆಯಲ್ಲಿ ಒರೆಸಿ. ಹೊಳಪಿನ ಪಾಲಿಶ್ ಇರುವ ನಲ್ಲಿಗೆ ಅರ್ಧ ಗಂಟೆ ಮೀರಬೇಡಿ. ದಪ್ಪ ಕಟ್ಟಿದ್ದರೆ ಒಂದೇ ಸಲ ಗಂಟೆಗಟ್ಟಲೆ ಬಿಡುವುದಕ್ಕಿಂತ ಎರಡು ಮೂರು ದಿನ ಸ್ವಲ್ಪ ಸ್ವಲ್ಪ ಮಾಡಿ. ಶವರಿಗೆ ಈ ನೀರನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಶವರ್ ಮುಳುಗುವ ಹಾಗೆ ರಬ್ಬರ್ ಬ್ಯಾಂಡಿನಿಂದ ಕಟ್ಟಿ. ಎಲೆಕ್ಟ್ರಿಕ್ ಕೆಟಲಿಗೆ ಒಂದು ಲೀಟರಿಗೆ ಒಂದು ಚಮಚ ಸಾಕು. ಕುದಿ ಬಂದ ಮೇಲೆ ಆರಿಸಿ ಇಪ್ಪತ್ತು ನಿಮಿಷ ಬಿಟ್ಟು, ಎರಡು ಸಲ ತೊಳೆಯಿರಿ. ಬಕೆಟ್ಟು, ಮಗ್ಗಿಗೂ ಇದೇ. ಗೀಸರಿಗೆ ಮಾತ್ರ ನೀವು ಕೈ ಹಾಕಬೇಡಿ, ಅದಕ್ಕೆ ಮೆಕ್ಯಾನಿಕ್ಕೇ ಬರಲಿ. ದಿನವೂ ಸ್ನಾನ ಆದ ಮೇಲೆ ನಲ್ಲಿಯನ್ನು ಒಣ ಬಟ್ಟೆಯಲ್ಲಿ ಒಂದು ಸಲ ಎಳೆದರೆ ಕಲೆ ಕಟ್ಟುವುದೇ ಕಮ್ಮಿಯಾಗುತ್ತದೆ, ಯಾಕೆಂದರೆ ಕಲೆ ಕಟ್ಟುವುದು ಹನಿ ಆರಿದ ಜಾಗದಲ್ಲಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಕಡಪ ಕಲ್ಲಿನ ವಿಷಯ ಬರೆಯೋಕೆ ನನಗೇ ಸಂಕಟ. ಆ ಬಿಳಿ ಮಚ್ಚೆ ಕಲೆ ಅಲ್ಲ, ಅಲ್ಲಿ ಕಲ್ಲಿನ ಹೊಳಪಿನ ಪದರವೇ ಹೋಗಿದೆ. ಅದನ್ನು ಯಾವ ಕ್ಲೀನರಿನಿಂದಲೂ ತೆಗೆಯಲಾಗುವುದಿಲ್ಲ, ಉಜ್ಜಿದಷ್ಟೂ ದೊಡ್ಡದಾಗುತ್ತದೆ. ಸದ್ಯಕ್ಕೆ ಕಲ್ಲು ಪೂರ್ತಿ ಒಣಗಿಸಿ ನಾಲ್ಕು ಹನಿ ಕೊಬ್ಬರಿ ಎಣ್ಣೆ ಬಟ್ಟೆಗೆ ಹಾಕಿ ಒರೆಸಿದರೆ ಕಪ್ಪಾಗಿ ಕಾಣುತ್ತದೆ. ಸರಿ ಹೋಗಬೇಕು ಅಂದರೆ ಕಲ್ಲು ಪಾಲಿಶ್ ಮಾಡುವವರೇ ಬರಬೇಕು. ನಿಮ್ಮದು ಬಾಡಿಗೆ ಮನೆ, ಅದಕ್ಕೇ ಇನ್ನು ಮುಂದೆ ಆ ಕಟ್ಟೆಗೆ ವಿನೆಗರ್, ನಿಂಬೆ, ಹುಣಸೆಹಣ್ಣು ತಾಗಿಸಬೇಡಿ. ದೀಪದ ಹಿತ್ತಾಳೆ ಸಾಮಾನನ್ನು ಹುಣಸೆಹಣ್ಣು ಉಪ್ಪು ಹಾಕಿ ಬೆಳಗುತ್ತೀರಲ್ವಾ, ಅದನ್ನು ಸ್ಟೀಲ್ ಸಿಂಕಿನಲ್ಲೋ ಪ್ಲಾಸ್ಟಿಕ್ ಟಬ್ಬಿನಲ್ಲೋ ಮಾಡಿ, ಕಟ್ಟೆಯ ಮೇಲೆ ಬೇಡ.

ಇದೇ ಎಚ್ಚರಿಕೆ ಮಾರ್ಬಲ್, ಕೋಟಾ ಕಲ್ಲು, ಮೊಸಾಯಿಕ್ ನೆಲ, ರೆಡ್ ಆಕ್ಸೈಡ್ ನೆಲ ಎಲ್ಲಕ್ಕೂ. ಬಸವನಗುಡಿ, ಮಲ್ಲೇಶ್ವರದ ಹಳೇ ಮನೆಗಳ ಆ ಕೆಂಪು ನೆಲ ಅಂದರೆ ಸಿಮೆಂಟಿಗೆ ಬಣ್ಣ ಸೇರಿಸಿ ಗಂಟೆಗಟ್ಟಲೆ ತಿಕ್ಕಿ ತಂದ ಹೊಳಪು. ನಮ್ಮ ಅತ್ತೆಯವರ ಮನೆಯಲ್ಲಿ ಅಂಥ ನೆಲ ಇತ್ತು. ಮದುವೆಯಾದ ಹೊಸದರಲ್ಲಿ ನಾನೇ ಒಮ್ಮೆ ಸುಣ್ಣದ ಕಲೆ ತೆಗೆಯೋಣ ಅಂತ ಬಾಗಿಲ ಹತ್ತಿರ ಆಸಿಡ್ ನೀರು ಹಾಕಿಬಿಟ್ಟೆ. ಅಂಗೈಯಗಲ ಜಾಗ ಒರಟಾಯಿತು. ಅತ್ತೆ ಒಂದು ಮಾತೂ ಅನ್ನಲಿಲ್ಲ. ಅಲ್ಲಿ ಒಂದು ಚಾಪೆ ಹಾಸಿದರು, ಮನೆ ಒಡೆಯುವವರೆಗೂ ಆ ಚಾಪೆ ಅಲ್ಲೇ ಇತ್ತು. ಅದು ನನಗೆ ಇವತ್ತಿಗೂ ನೋವು.

ಯಾವ ಕಲ್ಲು ಅಂತ ಗೊತ್ತಿಲ್ಲದಿದ್ದರೆ ಕಣ್ಣಿಗೆ ಬೀಳದ ಮೂಲೆಯಲ್ಲಿ ಒಂದು ಹನಿ ನಿಂಬೆರಸ ಹಾಕಿ ಐದು ನಿಮಿಷ ಬಿಟ್ಟು ಒರೆಸಿ. ಸಣ್ಣ ಗುಳ್ಳೆ ಬಂದರೆ, ಅಥವಾ ಆ ಜಾಗ ಮಂಕಾದರೆ ಅಲ್ಲಿ ಹುಳಿ ಬೇಡ. ಗ್ರಾನೈಟ್ ಸಾಮಾನ್ಯವಾಗಿ ತಡೆಯುತ್ತದೆ. ವಿಟ್ರಿಫೈಡ್ ಟೈಲ್ಸಿಗೂ ತೊಂದರೆ ಇಲ್ಲ, ಆದರೆ ಟೈಲ್ಸ್ ಮಧ್ಯದ ಸಂದಿಯ ಸಿಮೆಂಟನ್ನು ಹುಳಿ ನಿಧಾನವಾಗಿ ತಿನ್ನುತ್ತದೆ. ಹಾಕಿದ ಮೇಲೆ ತೊಳೆದುಬಿಡಿ. ಇನ್ನೊಂದು ಸಣ್ಣ ಮಾತು. ಆರ್‌ಒ ಫಿಲ್ಟರಿನಿಂದ ಹೊರಗೆ ಬೀಳುವ ವೇಸ್ಟ್ ನೀರಿನಲ್ಲಿ ನೆಲ ಒರೆಸುವ ಅಭ್ಯಾಸ ಬಹಳ ಮನೆಗಳಲ್ಲಿದೆ. ನೀರು ಉಳಿಸುವ ಒಳ್ಳೆಯ ಮನಸ್ಸು ಅದು. ಆದರೆ ಆ ನೀರಲ್ಲಿ ಲವಣ ಇನ್ನೂ ಜಾಸ್ತಿ. ಕಪ್ಪು ನೆಲದ ಮೇಲೆ ಬೆಳ್ಳನೆ ಗೆರೆ ಬರುವುದು ಅದರಿಂದಲೇ. ಅದನ್ನು ಟಾಯ್ಲೆಟ್ ಫ್ಲಶ್ಶಿಗೆ, ಬಾಲ್ಕನಿ ತೊಳೆಯೋಕೆ ಇಟ್ಟುಕೊಳ್ಳಿ.

ಹಾಗಾದರೆ ಕಡಪ ಕಲ್ಲಿಗೆ, ಕೆಂಪು ನೆಲಕ್ಕೆ ಏನು? ನನ್ನ ಉತ್ತರ ಅಂಟುವಾಳ. ನೊರೆಕಾಯಿ ಅಂತಲೂ ಅನ್ನುತ್ತಾರೆ. ಇದರ ಸಿಪ್ಪೆಯಲ್ಲಿ ಸಪೋನಿನ್ ಅನ್ನುವ ನೊರೆಯ ಅಂಶ ಇದೆ. ಬೋರ್ ನೀರಿನವರಿಗೆ ಇದರ ದೊಡ್ಡ ಉಪಕಾರ ಏನು ಅಂದರೆ, ಸೋಪಿನ ಹಾಗೆ ಇದು ಕ್ಯಾಲ್ಸಿಯಂ ಜೊತೆ ಸೇರಿ ಮಡ್ಡಿ ಆಗುವುದಿಲ್ಲ. ಹುಳಿಯೂ ಬಹಳ ಕಮ್ಮಿ. ನೂರು ಗ್ರಾಂ ಬೀಜ ತೆಗೆದ ಸಿಪ್ಪೆಯನ್ನು ಒಂದು ಲೀಟರ್ ನೀರಲ್ಲಿ ರಾತ್ರಿ ನೆನೆಹಾಕಿ. ಬೆಳಿಗ್ಗೆ ಸಣ್ಣ ಉರಿಯಲ್ಲಿ ಹದಿನೈದು ಇಪ್ಪತ್ತು ನಿಮಿಷ ಕುದಿಸಿ, ಆರಿಸಿ, ಕೈಯಲ್ಲಿ ಚೆನ್ನಾಗಿ ಕಿವುಚಿ, ತೆಳು ಬಟ್ಟೆಯಲ್ಲಿ ಸೋಸಿ. ಪಾತ್ರೆ ದೊಡ್ಡದಿರಲಿ, ಉಕ್ಕುತ್ತದೆ. ನೆಲ ಒರೆಸಲು ಅರ್ಧ ಬಕೆಟ್ಟಿಗೆ ಒಂದು ಲೋಟ ಸಾಕು. ಕಟ್ಟೆಗೆ ಸಮ ನೀರು ಬೆರೆಸಿ ಒರೆಸಿ, ಆಮೇಲೆ ಒದ್ದೆ ಬಟ್ಟೆ, ಆಮೇಲೆ ಒಣ ಬಟ್ಟೆ.

ನಾಲ್ಕು ದಿನಕ್ಕೆ ವಾಸನೆ ಬಂತು ಅಂದಿರಿ. ಬರಲೇಬೇಕು. ಅದು ಕಷಾಯ, ಅದರಲ್ಲಿ ಸಕ್ಕರೆ ಅಂಶವೂ ಇದೆ, ಸಾರಿನ ಹಾಗೆ ಹಳಸುತ್ತದೆ. ಹೊರಗಿಟ್ಟರೆ ಎರಡು ದಿನ, ಫ್ರಿಜ್ಜಿನಲ್ಲಿ ಒಂದು ವಾರ. ನಾನು ಐಸ್ ಟ್ರೇಗೆ ಹೊಯ್ದು ಫ್ರೀಜರಿನಲ್ಲಿಡುತ್ತೇನೆ. ಗಟ್ಟಿಯಾದ ಮೇಲೆ ತೆಗೆದು ಕವರಿಗೆ ಹಾಕಿ, ಬೇಕಾದಾಗ ಎರಡು ಮೂರು ತುಂಡು ಬಿಸಿನೀರಿಗೆ ಹಾಕಿದರಾಯಿತು. ಕವರಿನ ಮೇಲೆ ದೊಡ್ಡದಾಗಿ ಬರೆಯಿರಿ, ಯಾರೂ ಜ್ಯೂಸ್ ಅಂದುಕೊಳ್ಳಬಾರದು. ಹಳಸುವ ಮಾತು ಮನೆಯಲ್ಲಿ ಮಾಡುವ ಎಲ್ಲಕ್ಕೂ ಅನ್ವಯಿಸುತ್ತದೆ. ಹುದುಗಿಸಿದ್ದನ್ನು ಬಿಟ್ಟು, ನೀರು ಸೇರಿದ ಯಾವುದನ್ನೂ, ಲೋಳೆಸರದ ಜೆಲ್ ಇರಲಿ, ಗುಲಾಬಿ ನೀರಿರಲಿ, ವಾರದ ಮೇಲೆ ನಂಬಬಾರದು. ಒಣ ಪುಡಿ ಮತ್ತು ಬರೀ ಎಣ್ಣೆ ತಿಂಗಳುಗಟ್ಟಲೆ ನಿಲ್ಲುತ್ತವೆ.

ಅಂಟುವಾಳಕ್ಕೆ ತಕ್ಕ ಕೆಲಸ ಕೊಡಿ. ರೇಷ್ಮೆ ಸೀರೆಗೆ ಅದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ರೇಷ್ಮೆ ಕೂದಲಿನ ಹಾಗೆ ಪ್ರೋಟೀನು, ಸೋಪಿನ ಕ್ಷಾರ ಅದಕ್ಕೆ ಆಗುವುದಿಲ್ಲ. ತಣ್ಣೀರಲ್ಲಿ ಅಂಟುವಾಳ ಕಲಸಿ, ಸೆರಗಿನ ಒಳಮೂಲೆಯಲ್ಲಿ ಬಣ್ಣ ಬಿಡುತ್ತದಾ ನೋಡಿ, ಆಮೇಲೆ ಅದ್ದಿ ತೆಗೆಯಿರಿ. ಉಲ್ಲನ್ ಸ್ವೆಟರಿಗೂ, ಚಿನ್ನದ ಸರಕ್ಕೂ ಒಳ್ಳೆಯದು. ಆದರೆ ಜಿಡ್ಡು ಹಿಡಿದ ಬಾಣಲೆಗೆ, ಮಕ್ಕಳ ಮಣ್ಣಾದ ಯೂನಿಫಾರ್ಮಿಗೆ ಅದರ ಶಕ್ತಿ ಸಾಲದು. ಅಡುಗೆಮನೆಯ ಮಸಿಬಟ್ಟೆಗೆ ವಾಷಿಂಗ್ ಸೋಡಾ ಬೇಕು. ಅರ್ಧ ಬಕೆಟ್ ಬಿಸಿನೀರಿಗೆ ಎರಡು ದೊಡ್ಡ ಚಮಚ ಹಾಕಿ ಒಂದು ಗಂಟೆ ನೆನೆಸಿ. ಅದು ಜಿಡ್ಡನ್ನೂ ಬಿಡಿಸುತ್ತದೆ, ನೀರಿನ ಗಡಸನ್ನೂ ಕಮ್ಮಿ ಮಾಡುತ್ತದೆ. ಕೈಗೆ ಗ್ಲೌಸ್ ಇರಲಿ. ಅಲ್ಯೂಮಿನಿಯಂ ಪಾತ್ರೆ, ಚಿಮಣಿಯ ಅಲ್ಯೂಮಿನಿಯಂ ಜಾಲರಿಗೆ ಬೇಡ, ಕಪ್ಪಾಗುತ್ತದೆ. ಇದು ಅಡುಗೆ ಸೋಡಾ ಅಲ್ಲ, ಅದಕ್ಕಿಂತ ಎಷ್ಟೋ ಪಟ್ಟು ತೀಕ್ಷ್ಣ. ಹೆಸರು ಒಂದೇ ಥರ ಇದೆ ಅಂತ ಪಕ್ಕಪಕ್ಕ ಇಡಬೇಡಿ.

ಅಂಟುವಾಳ ಕಣ್ಣಿಗೆ ಬಿದ್ದರೆ ಬಹಳ ಉರಿಯುತ್ತದೆ. ಮೀನಿಗಂತೂ ಅದು ವಿಷ, ಹಿಂದೆ ಅದನ್ನೇ ನೀರಿಗೆ ಹಾಕಿ ಮೀನು ಹಿಡಿಯುತ್ತಿದ್ದರು. ವರ್ತೂರು ಕೆರೆಯ ನೊರೆ ನೀವು ನೋಡಿಯೇ ಇರುತ್ತೀರಿ. ಊರಿನ ಮನೆಗಳಿಂದ ಹೋದ ಕೊಳಚೆ ಮತ್ತು ಡಿಟರ್ಜೆಂಟಿಗೆ ಆ ನೊರೆಯಲ್ಲಿ ದೊಡ್ಡ ಪಾಲಿದೆ. ಅದಕ್ಕೇ ನಿಮ್ಮಂಥವರು ಇದೆಲ್ಲ ಕಲಿಯಲು ಬಂದಾಗ ನನಗೆ ತುಂಬ ಸಂತೋಷ. ಆದರೆ ಗಿಡದಿಂದ ಬಂದದ್ದಕ್ಕೂ ಅಳತೆ ಬೇಕು.

ಕೂದಲಿಗೆ ಬರೋಣ. ಬಾಟಲಿಯಲ್ಲಿ ತೇಲಿದ ಆ ಮಡ್ಡಿ ನೆನಪಿದೆಯಲ್ಲ. ನೀವು ತಲೆಗೆ ಹಾಕಿದ ಸೋಪು ನಿಜವಾದ ಸೋಪು, ಎಣ್ಣೆ ಮತ್ತು ಕ್ಷಾರದಿಂದ ಮಾಡಿದ್ದು. ಬೋರ್ ನೀರಿನ ಕ್ಯಾಲ್ಸಿಯಂ ಅದನ್ನು ಹಿಡಿದು ಅದೇ ಮಡ್ಡಿಯನ್ನು ನಿಮ್ಮ ಕೂದಲ ಮೇಲೆ ಕೂರಿಸಿದೆ. ಸೋಪು ಮಾಡಿದವರ ತಪ್ಪಿಲ್ಲ. ಕಾವೇರಿ ನೀರಿನ ಮನೆಯಲ್ಲಿ ಅದೇ ಸೋಪು ಇಷ್ಟು ಕಾಡುವುದಿಲ್ಲ. ಈಗ ಕಟ್ಟಿರುವ ಅಂಟು ಬಿಡಿಸಲು ಒಂದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ವಿನೆಗರ್ ಬೆರೆಸಿ ಕಣ್ಣಿಗೆ ಹೋಗದಂತೆ ಕೂದಲ ಮೇಲೆ ಹೊಯ್ದು, ಎರಡು ನಿಮಿಷ ಬಿಟ್ಟು ನೀರು ಹಾಕಿಕೊಳ್ಳಿ. ಎರಡು ಮೂರು ಸ್ನಾನಕ್ಕೆ ಸರಿಹೋಗುತ್ತದೆ. ತಲೆಯಲ್ಲಿ ಗಾಯ, ಹುಣ್ಣು ಇದ್ದರೆ ಬೇಡ.

ಆಮೇಲೆ ಸೀಗೆಪುಡಿಗೆ ಬನ್ನಿ. ನಮ್ಮ ಅಜ್ಜಿಯರು ಸೀಗೆ, ಅಂಟುವಾಳ, ಚಿಗರೆಪುಡಿ ಬಳಸುತ್ತಿದ್ದದ್ದು ಸುಮ್ನೆ ಅಲ್ಲ. ಹಳೇ ಮೈಸೂರಿನ ಎಷ್ಟೋ ಊರುಗಳಲ್ಲಿ ಬಾವಿ ನೀರು ಗಡಸು. ಸಪೋನಿನ್ ಇರುವ ಕಾಯಿ ಸೊಪ್ಪುಗಳೇ ಅಲ್ಲಿ ಕೆಲಸ ಮಾಡುತ್ತಿದ್ದದ್ದು. ಗಾಂಧಿಬಜಾರು, ಸಿಟಿ ಮಾರ್ಕೆಟ್ ಕಡೆಯ ಗ್ರಂಧಿಗೆ ಅಂಗಡಿಗಳಲ್ಲಿ ಎಲ್ಲವೂ ಸಿಗುತ್ತದೆ. ನಾನು ಅರ್ಧ ಕೆಜಿ ಸೀಗೆಕಾಯಿ, ಕಾಲು ಕೆಜಿ ಹೆಸರುಕಾಳು, ನೂರು ಗ್ರಾಂ ಮೆಂತ್ಯ, ನೂರು ಗ್ರಾಂ ಅಂಟುವಾಳದ ಸಿಪ್ಪೆ ಎರಡು ದಿನ ಬಿಸಿಲಲ್ಲಿ ಗರಿಗರಿ ಒಣಗಿಸಿ ಮಿಲ್ಲಿಗೆ ಕೊಡುತ್ತೇನೆ. ಸೀಗೆಪುಡಿ ಮಾಡಿಕೊಡುವ ಮಿಲ್ಲೇ ಬೇರೆ, ಹಿಟ್ಟಿನ ಮಿಲ್ಲಿನವರು ಒಪ್ಪುವುದಿಲ್ಲ. ಮಿಕ್ಸಿಯಲ್ಲಿ ಮಾಡಿದರೆ ಆ ಧೂಳಿಗೆ ಮನೆಯವರೆಲ್ಲ ಸೀನಬೇಕಾಗುತ್ತದೆ, ಮಗುವಿಗೂ ಒಳ್ಳೆಯದಲ್ಲ. ಕೂದಲು ಒಣಗಿದ್ದರೆ ಅಂಟುವಾಳ ಅರ್ಧ ಮಾಡಿ, ಮೆಂತ್ಯ ಜಾಸ್ತಿ ಮಾಡಿ. ಬಿಸಿನೀರಲ್ಲಿ ಗಂಜಿಯ ಹಾಗೆ ಕಲಸಿ ಹತ್ತು ನಿಮಿಷ ಬಿಟ್ಟು ಹಚ್ಚಿ. ಮಗಳಿಗೆ ಸದ್ಯ ಬೇಡ, ನಾಲ್ಕು ವರ್ಷದ ಮಗು ಕಣ್ಣು ಮುಚ್ಚಿಕೊಂಡು ಕೂರುವುದಿಲ್ಲ. ಅವಳಿಗೆ ಮೈಗೆ ಹೆಸರುಹಿಟ್ಟು ಸಾಕು. ಮುಖಕ್ಕೆ ನಿಂಬೆರಸ, ಅಡುಗೆ ಸೋಡಾ ಹಚ್ಚುವುದು ನಿಮಗೂ ಬೇಡ, ಅವಳಿಗೂ ಬೇಡ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟ ಹಾಗೆ ಕಪ್ಪಾಗಬಹುದು.

ಮಳೆಗಾಲದಲ್ಲಿ ನಿಮಗೆ ಇನ್ನೂ ಒಳ್ಳೆಯ ದಾರಿ ಇದೆ. ಮಳೆನೀರಿಗಿಂತ ಮೃದುವಾದ ನೀರು ಬೆಂಗಳೂರಿನಲ್ಲಿ ಬೇರೆ ಇಲ್ಲ. ಸಾವಿರ ಚದರ ಅಡಿ ತಾರಸಿಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 900 ಲೀಟರಿಗೂ ಮಿಗಿಲು ನೀರು. ಮೊದಲ ಹತ್ತು ನಿಮಿಷದ ನೀರು ಹರಿಯಲು ಬಿಟ್ಟು, ಆಮೇಲೆ ತಾರಸಿ ಪೈಪಿನ ಕೆಳಗೆ ಎರಡು ಬಕೆಟ್ ಇಡಿ. ಆ ನೀರನ್ನು ತಲೆಸ್ನಾನಕ್ಕೆ, ರೇಷ್ಮೆ ಒಗೆಯೋಕೆ ಇಟ್ಟುಕೊಳ್ಳಿ. ದಿನಗಟ್ಟಲೆ ತೆರೆದಿಡಬೇಡಿ, ಸೊಳ್ಳೆ ಮೊಟ್ಟೆ ಇಡುತ್ತದೆ. ಮನೆ ಮಾಲೀಕರಿಗೆ ಆಸಕ್ತಿ ಇದ್ದರೆ ಜಯನಗರ ಐದನೇ ಬ್ಲಾಕಿನಲ್ಲಿ ಜಲಮಂಡಳಿಯ ಮಳೆನೀರು ಕೊಯ್ಲಿನ ಪಾರ್ಕಿದೆ. ಒಂದು ದಿನ ಕರೆದುಕೊಂಡು ಹೋಗಿ ತೋರಿಸಿ.

ಬಯೋ ಎಂಜೈಮ್ ಧಾರಾಳವಾಗಿ ಮಾಡಿ. ನೂರು ಗ್ರಾಂ ಬೆಲ್ಲ, ಮುನ್ನೂರು ಗ್ರಾಂ ಕಿತ್ತಳೆ, ಮೋಸಂಬಿ, ನಿಂಬೆ ಸಿಪ್ಪೆ, ಒಂದು ಲೀಟರ್ ನೀರು. ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿಯೇ ಆಗಬೇಕು, ಗಾಜು ಬೇಡ. ಮೊದಲ ತಿಂಗಳು ದಿನಕ್ಕೊಮ್ಮೆ ಮುಚ್ಚಳ ತಿರುಗಿಸಿ ಗಾಳಿ ಬಿಡಿ. ಮೂರು ತಿಂಗಳಿಗೆ ಸೋಸಿ. ಹಸಿಕಸ ಕಮ್ಮಿಯಾಗುತ್ತದೆ, ಬಾತ್‌ರೂಮ್ ಟೈಲ್ಸಿನ ಕೊಳೆ ಚೆನ್ನಾಗಿ ಹೋಗುತ್ತದೆ. ಅರ್ಧ ಬಕೆಟ್ ನೀರಿಗೆ 50 ಮಿಲಿ ಸಾಕು. ಆದರೆ ಹೆಸರು ನೋಡಿ ಜಾಸ್ತಿ ನಿರೀಕ್ಷೆ ಬೇಡ. ಅದರ ಕೆಲಸದ ಬಹುಪಾಲು ಅದರಲ್ಲಿ ಹುಟ್ಟಿದ ಹುಳಿಯದ್ದೇ, ವಿನೆಗರಿನ ಥರದ್ದು. ಮನೆಯಲ್ಲಿ ವಾಂತಿಭೇದಿ ಆದಾಗ ಸೋಂಕು ತೆಗೆಯಲು ಅದನ್ನು ನಂಬಬೇಡಿ. ಆಗ ಬ್ಲೀಚನ್ನೇ, ಬರೀ ನೀರಿನ ಜೊತೆ, ಡಬ್ಬದ ಮೇಲಿನ ಅಳತೆಯಲ್ಲಿ ಬಳಸಿ. ಕಡಪ ಕಲ್ಲಿಗೆ ಎಂಜೈಮ್ ಬೇಡ ಅಂತ ಈಗ ನಾನು ಹೇಳಬೇಕಿಲ್ಲ.

ಇವನ್ನೆಲ್ಲ ತುಂಬಿಡುವಾಗ ಒಂದೇ ಒಂದು ಕೋರಿಕೆ. ಜ್ಯೂಸಿನ, ಕೂಲ್‌ಡ್ರಿಂಕಿನ, ಕುಡಿಯುವ ನೀರಿನ ಬಾಟಲಿ ಬೇಡವೇ ಬೇಡ. ಎಂಜೈಮ್ ಹುದುಗುವ ಬಾಟಲಿಯನ್ನೂ ಮಗುವಿನ ಕೈಗೆ ಎಟುಕದ ಮೇಲಿನ ಶೆಲ್ಫಿನಲ್ಲಿಡಿ. ನಾಲ್ಕು ವರ್ಷದ ಮಗು ಬಣ್ಣ ನೋಡಿ ಕುಡಿಯುತ್ತದೆ, ಬರಹ ಓದುವುದಿಲ್ಲ.

ಕೊನೆಗೆ ಸೋಪು. ಮೊದಲನೇ ಮಹಾಯುದ್ಧದ ಕಾಲಕ್ಕೆ ಮೈಸೂರಿನ ಶ್ರೀಗಂಧ ಹೊರದೇಶಕ್ಕೆ ಹೋಗದೆ ಉಳಿದಾಗ ಇಲ್ಲೇ ಗಂಧದ ಎಣ್ಣೆ ತೆಗೆದು, ಬೆಂಗಳೂರಿನಲ್ಲೇ ಮೈಸೂರು ಸ್ಯಾಂಡಲ್ ಸೋಪು ಮಾಡಲು ಶುರು ಮಾಡಿದರು. ಸೋಪು ನಮ್ಮೂರಿಗೆ ಹೊಸ ವಿದ್ಯೆ ಅಲ್ಲ. ಆದರೆ ಅದು ಚಿಟಿಕೆ, ಮುಷ್ಟಿ ಲೆಕ್ಕದ ವಿದ್ಯೆಯಲ್ಲ, ತಕ್ಕಡಿಯ ವಿದ್ಯೆ. ಕಾಸ್ಟಿಕ್ ಸೋಡಾ ಇಲ್ಲದೆ ಸೋಪು ಆಗುವುದಿಲ್ಲ, ಅದು ಚರ್ಮ ಸುಡುತ್ತದೆ, ಕಣ್ಣಿಗೆ ಹಾರಿದರೆ ದೃಷ್ಟಿ ಹೋಗಬಹುದು. ಮಗಳು ಮನೆಯಲ್ಲಿರುವಾಗ ಡಬ್ಬದ ಮುಚ್ಚಳ ಕೂಡ ತೆಗೆಯಬೇಡಿ. ಬೋರ್ ನೀರಲ್ಲಿ ನೀವು ಮಾಡಿದ ಸೋಪೂ ಅದೇ ಮಡ್ಡಿ ಬಿಡುತ್ತದೆ. ಹಾಗಾಗಿ ನಿಮಗೆ ನನ್ನ ಸಲಹೆ, ಕಾವೇರಿ ನೀರು ಬರುವವರೆಗೆ ಕಾಯಿರಿ.

ಆದರೂ ಆಸೆ ಇದ್ದರೆ, ಅವಳು ಸ್ಕೂಲಿಗೆ ಹೋದ ಹೊತ್ತಿನಲ್ಲಿ, ಇಷ್ಟು ನೆನಪಿಟ್ಟು ಮಾಡಿ. 500 ಗ್ರಾಂ ಕೊಬ್ಬರಿ ಎಣ್ಣೆ ಪೂರ್ತಿ ಸೋಪಾಗಲು ಸುಮಾರು 91 ಗ್ರಾಂ ಕಾಸ್ಟಿಕ್ ಸೋಡಾ ಬೇಕು. ಅಷ್ಟೂ ಹಾಕಬಾರದು. ಬರೀ ಕೊಬ್ಬರಿ ಎಣ್ಣೆಯ ಸೋಪು ಚರ್ಮ ಒಣಗಿಸುತ್ತದೆ, ಅದಕ್ಕೆ ಶೇಕಡಾ 20 ಕಮ್ಮಿ ಮಾಡಿ 73 ಗ್ರಾಂ ಹಾಕುತ್ತೇವೆ, ಸ್ವಲ್ಪ ಎಣ್ಣೆ ಹಾಗೇ ಉಳಿಯಲಿ ಅಂತ. ನೀರು 170 ಗ್ರಾಂ, ಫಿಲ್ಟರ್ ನೀರೇ ಆಗಬೇಕು. ಕಾಸ್ಟಿಕ್ಕನ್ನು ನೀರಿಗೆ ಸ್ವಲ್ಪ ಸ್ವಲ್ಪವಾಗಿ ಹಾಕಬೇಕು, ನೀರನ್ನು ಕಾಸ್ಟಿಕ್ಕಿಗೆ ಸುರಿದರೆ ಸಿಡಿಯುತ್ತದೆ. ಸ್ಟೀಲ್ ಪಾತ್ರೆ ಸರಿ, ಅಲ್ಯೂಮಿನಿಯಂ ಖಂಡಿತ ಬೇಡ. ಕನ್ನಡಕ, ಗ್ಲೌಸ್, ತೆರೆದ ಕಿಟಕಿ ಇರಲಿ. ಮೈಮೇಲೆ ಬಿದ್ದರೆ ಹರಿಯುವ ನೀರಲ್ಲಿ ಇಪ್ಪತ್ತು ನಿಮಿಷ ಹಿಡಿಯಬೇಕು, ವಿನೆಗರ್ ಹಚ್ಚಬಾರದು. ಕಣ್ಣಿಗೆ ಹಾರಿದರೆ ಹಾಗೇ ತೊಳೆಯುತ್ತಲೇ ಆಸ್ಪತ್ರೆಗೆ ಹೊರಡಿ. ಕಾಸ್ಟಿಕ್ ನೀರು ಆರಿದ ಮೇಲೆ ಉಗುರುಬೆಚ್ಚಗಿನ ಎಣ್ಣೆಗೆ ಹಾಕಿ, ಇಡ್ಲಿ ಹಿಟ್ಟಿನ ಹದಕ್ಕೆ ಬರುವವರೆಗೆ ತಿರುವಿ ಅಚ್ಚಿಗೆ ಹೊಯ್ಯಿರಿ. ಬರೀ ಕೊಬ್ಬರಿ ಎಣ್ಣೆಯದು ಬೇಗ ಗಟ್ಟಿಯಾಗುತ್ತದೆ, ತಡಮಾಡದೆ ಅದೇ ದಿನ ಕತ್ತರಿಸಿ. ನಾಲ್ಕರಿಂದ ಆರು ವಾರ ಗಾಳಿಯಾಡುವ ಕಡೆ ಒಣಗಿದ ಮೇಲೆ ಬಳಸಿ. ಹೊಂಗೆ ಎಣ್ಣೆ, ಹರಳೆಣ್ಣೆ ಸೇರಿಸಿದರೆ ಕಾಸ್ಟಿಕ್ಕಿನ ಲೆಕ್ಕ ಬದಲಾಗುತ್ತದೆ, 73 ಗ್ರಾಂ ಅಂತಲೇ ಹಾಕಬೇಡಿ. ಯಾವ ಎಣ್ಣೆ ಎಷ್ಟು ಗ್ರಾಂ ಅಂತ ಮೊದಲೇ ಬರೆದು ಕಳಿಸಿ, ಲೆಕ್ಕ ಹಾಕಿ ಕೊಡುತ್ತೇನೆ.